ಮೂರನೇ ನಂಬರ್ ಗನ್ನಿಗೆ ನಾನು ಹಾಕಿದ ಎಣ್ಣೆ

ಕಂಪ್ರೆಸರಿನ ಹೊಟ್ಟೆಯಡಿಯ ತಿರುಪನ್ನು ಸಡಿಲಿಸಿದ್ದೇ ತಡ, ಬುಸ್ಸೆಂದು ಕೆಂಪು ರಾಡಿ ಚಿಮ್ಮಿ ನನ್ನ ಮುಖಕ್ಕೆ ಬಡಿಯಿತು. ಅಂಗಿಗೆ ಬಿದ್ದದ್ದು ಹಾಗಿರಲಿ, ಬಾಯಿಗೂ ಹೋಯಿತು. ತುಕ್ಕು, ಕೊಳೆತ ನೀರು, ಸುಟ್ಟ ಎಣ್ಣೆ, ಮೂರೂ ಸೇರಿದ ಆ ರುಚಿಗೆ ಹೆಸರಿಲ್ಲ. ಉಗಿದೆ, ಮತ್ತೆ ಉಗಿದೆ. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅದನ್ನ ಯಾರೂ ಬಿಚ್ಚಲ್ಲಣ್ಣ. ಮಿಷನ್ ಬಂದಾಗಿಂದ ಹಂಗೇ ಐತೆ" ಎಂದಳು ಒಬ್ಬ ಹೆಂಗಸು, ಸಮಾಧಾನ ಹೇಳುವವಳಂತೆ.

ಗಾಳಿಯಿಂದ ಇಳಿದು ತಳದಲ್ಲಿ ಕೂಡುವ, ದಿನಾ ಸಂಜೆ ಖಾಲಿ ಮಾಡಬೇಕಾದ ನೀರನ್ನು ವರ್ಷಗಟ್ಟಲೆ ಒಳಗಿಟ್ಟುಕೊಂಡು, ಅದೇ ಗಾಳಿಯಲ್ಲಿ ಕೆಲಸ ಮಾಡುವ ಜನ! ಶಿಡ್ಲಘಟ್ಟದಲ್ಲಿ ನನ್ನ ಮೊದಲ ಬೆಳಗು ಹೀಗೆ ಆಯಿತು.

ನಾನು ಕುಂದಾಪುರದ ಪಕ್ಕದ ಗಂಗೊಳ್ಳಿಯವನು. ದೋಣಿ ಕಟ್ಟುವ ಯಾರ್ಡಿನಲ್ಲಿ ಗಾಳಿಯಿಂದ ನಡೆಯುವ ಉಪಕರಣಗಳನ್ನು ರಿಪೇರಿ ಮಾಡುತ್ತಿದ್ದೆ. ಯಾರ್ಡ್ ಬಾಗಿಲು ಹಾಕಿತು. ಪರಿಚಯದವರೊಬ್ಬರು ಹೇಳಿದರೆಂದು ಕಳೆದ ದೀಪಾವಳಿ ಮುಗಿಸಿಕೊಂಡು ಈ ಕಡೆ ಬಂದೆ. ಚಿಂತಾಮಣಿ ರಸ್ತೆಯ ಪಕ್ಕದ ಒಂದು ತಗಡಿನ ಶೆಡ್ಡಿನಲ್ಲಿ ಕೆಲಸ. ಇಲ್ಲಿ ಪ್ಯಾಲೆಟ್ ಮಾಡುತ್ತಾರೆ. ಅಂದರೆ, ಕಾರ್ಖಾನೆಗಳಲ್ಲಿ ಸರಕಿನ ಪೆಟ್ಟಿಗೆಗಳ ಅಡಿಗೆ ಇಡುವ ಮರದ ಮಣೆ. ಗೌರಿಬಿದನೂರಿನ ಕಾರ್ಖಾನೆಗಳಿಗೆ ಲಾರಿಗಟ್ಟಲೆ ಹೋಗುತ್ತವೆ. ಸುತ್ತಿಗೆಯಿಂದ ಹೊಡೆಯುತ್ತ ಕೂತರೆ ಆಗದು, ಅದಕ್ಕೇ ಗಾಳಿಯ ಒತ್ತಡದಿಂದ ಮೊಳೆ ಹಾರಿಸುವ ಗನ್ನುಗಳು. ಒಟ್ಟು ಆರು. ಆರೂ ಒಂದೊಂದು ಕಡೆ ಗಾಳಿ ಬಿಡುತ್ತಿದ್ದವು. ಶೆಡ್ಡಿನೊಳಗೆ ಹೋದರೆ ಹಾವಿನ ಹುತ್ತದೊಳಗೆ ಹೋದ ಹಾಗೆ.

ಎಲ್ಲ ಗನ್ನುಗಳ ಮೂತಿಯನ್ನೂ ಇವರು ತಂತಿಯಿಂದ ಹಿಂದಕ್ಕೆ ಕಟ್ಟಿಟ್ಟಿದ್ದರು. ಆ ಮೂತಿ ಮರಕ್ಕೆ ಒತ್ತಿದಾಗ ಮಾತ್ರ ಮೊಳೆ ಹಾರಬೇಕು, ಕೈಗೋ ಕಣ್ಣಿಗೋ ಹಾರಬಾರದು ಎಂದೇ ಅದನ್ನು ಮಾಡಿರುವುದು. ಕಟ್ಟಿಟ್ಟರೆ ಕೆಲಸ ಬೇಗ ಆಗುತ್ತದಂತೆ. ಗನ್ನು ಕೆಟ್ಟರೆ ಬಿಚ್ಚಿ ಸೀಮೆಎಣ್ಣೆಯಲ್ಲಿ ಅದ್ದುತ್ತಿದ್ದರು. ಒಳಗಿನ ರಬ್ಬರ್ ಉಂಗುರಗಳು ಮಳೆಗಾಲದ ಅಣಬೆಗಳಂತೆ ಊದಿಕೊಂಡಿದ್ದವು. ಸಾಲದ್ದಕ್ಕೆ ಗುಟ್ಕಾದ ಉಗುಳು. ಹಲಗೆಯ ಮೇಲೆ, ಪೈಪಿನ ಮೇಲೆ, ಎಲ್ಲಿ ನೋಡಿದರೂ ಕೆಂಪು.

ಮನೆಯಾದರೂ ನೆಟ್ಟಗಿತ್ತೆ? ರಾಡಿ ಚಿಮ್ಮಿದಾಗ ಸಮಾಧಾನ ಹೇಳಿದಳಲ್ಲ, ರತ್ನಮ್ಮ, ಅವಳ ಮನೆಯ ಹಿಂದಿನ ಕೋಣೆಯೇ ನನಗೆ ಬಾಡಿಗೆಗೆ ಸಿಕ್ಕಿತು. ಪಕ್ಕದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಮನೆ. ಬೆಂದ ಹುಳುವಿನ ನಾತ ಗೋಡೆ, ಹಾಸಿಗೆ, ಕುಡಿಯುವ ನೀರಿಗೆಲ್ಲ ಅಂಟಿರುತ್ತದೆ. "ಹ್ಯಾಗೆ ಇರ್ತೀರಿ ಮಾರಾಯ್ರೆ ಇದ್ರಲ್ಲಿ?" ಎಂದು ನಾನು ಕೇಳಿದ್ದಕ್ಕೆ ಅವಳು ಒಳಗಿನಿಂದ ನನ್ನ ಒಣಮೀನಿನ ಪೊಟ್ಟಣವನ್ನು ಎರಡೇ ಬೆರಳಲ್ಲಿ ಎತ್ತಿ ತಂದಳು. "ಥೂ, ಇದೇನಣ್ಣ ಇದು, ಸತ್ತೋಗಿರೋ ಹಲ್ಲಿ ಥರ! ಇದನ್ನ ತಿನ್ನೋರು ನಮ್ ಹುಳುದ್ ವಾಸ್ನೆ ಹೇಳ್ತೀರಾ?" ಪೊಟ್ಟಣ ತಾರಸಿಗೆ ಹೋಯಿತು. ಅಲ್ಲಿಂದ ಬೆಕ್ಕಿನ ಹೊಟ್ಟೆಗೆ.

ಊಟದ ಕತೆಯೂ ಅಷ್ಟೇ. ನಮ್ಮಲ್ಲಿ ಕುಚ್ಚಲಕ್ಕಿ ಗಂಜಿಯನ್ನು ನಿಧಾನ ಅಗಿದು ಉಣ್ಣುತ್ತೇವೆ. ಇಲ್ಲಿ ಮುದ್ದೆಯನ್ನು ಅಗಿಯುವಂತಿಲ್ಲ, ನುಂಗಬೇಕು. ನಾನು ಅಗಿದೆ. ಹಲ್ಲಿಗೆಲ್ಲ ಮೆತ್ತಿಕೊಂಡು ಮಧ್ಯಾಹ್ನವಿಡೀ ಬಾಯಿ ತೆರೆಯಲಾಗಲಿಲ್ಲ. ಮಾತಂತೂ ಅರ್ಧ ಕನ್ನಡ, ಅರ್ಧ ತೆಲುಗು. ಗನ್ನು ಹೊಡೆಯದಿದ್ದರೆ "ಪಲಕದು" ಎನ್ನುತ್ತಾರೆ. ಮಾತಾಡುವುದಿಲ್ಲ ಎಂದರ್ಥವಂತೆ. ನನ್ನನ್ನು ಎಲ್ಲರೂ ಮಂಗ್ಳೂರಣ್ಣ ಎಂದರು. ಗಂಗೊಳ್ಳಿಗೂ ಮಂಗಳೂರಿಗೂ ಇರುವ ದೂರವನ್ನು ಹೇಳಿ ಹೇಳಿ ಸಾಕಾಗಿ ಬಿಟ್ಟುಬಿಟ್ಟೆ.

ಕೆಲಸದಲ್ಲಿ ಮಾತ್ರ ನಾನು ಬಿಡಲಿಲ್ಲ. ಆರೂ ಗನ್ನುಗಳ ತಂತಿ ಕತ್ತರಿಸಿದೆ. ಗಾಳಿ ಸೋರುವ ಜಾಗ ಹುಡುಕಲು ಸೋಪಿನ ನೀರು ಸವರಿದೆ. ಗುಳ್ಳೆ ಎದ್ದಲ್ಲೆಲ್ಲ ಬಿಚ್ಚಿ ಹೊಸ ಉಂಗುರ ಕೂರಿಸಿದೆ. ಹುತ್ತದ ಸದ್ದಡಗಿತು. ಇವರು ಗನ್ನಿಗೆ ಬಿಡುತ್ತಿದ್ದ ಎಣ್ಣೆಯೋ, ಹೊಲಿಗೆ ಮಿಷನ್ನಿನದು. ಮರದ ಪುಡಿ, ಸತ್ತ ನೊಣ ಅಂಟಿದ ಸೀಸೆಯಲ್ಲಿತ್ತು. ಅದನ್ನು ಎತ್ತಿ ಆಚೆ ಎಸೆದು, ಊರಿನಿಂದ ತಂದಿದ್ದ ನಮ್ಮ ಮನೆಯ ತೆಂಗಿನೆಣ್ಣೆ ಇಟ್ಟೆ. ನಮ್ಮಲ್ಲಿ ಬೀಗಕ್ಕೆ, ಗರಗಸಕ್ಕೆ, ಮಗುವಿನ ತಲೆಗೆ ಎಲ್ಲದಕ್ಕೂ ಅದೇ. "ದಿನಾ ಬೆಳಿಗ್ಗೆ ಮೂರು ಹನಿ. ಶುದ್ಧ ಮಾಲು" ಎಂದು ಎದೆಯುಬ್ಬಿಸಿ ಹೇಳಿದೆ.

ಮೂರನೇ ನಂಬರಿನ ಗನ್ನು ರತ್ನಮ್ಮನದು. ಎರಡು ವರ್ಷ ಹಲಗೆ ಹೊತ್ತು, ಮಾಲೀಕ ಮುನಿರಾಜುವನ್ನು ಕಾಡಿ ಬೇಡಿ ಗನ್ನು ಹಿಡಿದವಳು. ಆ ಶೆಡ್ಡಿನಲ್ಲಿ ಗನ್ನು ಹಿಡಿದ ಮೊದಲ ಹೆಂಗಸು. ಅವಳನ್ನು ನೋಡಿ ಇನ್ನಿಬ್ಬರು ಕಲಿತಿದ್ದರು. ಬೇರೆಯವರ ಹೊಡೆತದಲ್ಲಿ ಮೊಳೆ ವಾರೆಯಾಗುತ್ತಿತ್ತು, ಅವಳದ್ದು ಎಂದೂ ಆಗುತ್ತಿರಲಿಲ್ಲ.

ಧನುರ್ಮಾಸ ಬಂತು. ನಂದಿಬೆಟ್ಟದ ಕಡೆಯಿಂದ ಇಳಿಯುವ ಇಲ್ಲಿಯ ಚಳಿ ನಮ್ಮ ಕಡಲತೀರದವರಿಗೆ ಗೊತ್ತಿರುವ ಚಳಿಯಲ್ಲ. ಬೆಳಿಗ್ಗೆ ಗನ್ನುಗಳು ಒಂದೊಂದಾಗಿ ಪಲಕದೆ ಹೋದವು. ಬಿಸಿಲೇರಿದ ಮೇಲೆ ಸರಿ. ನಾನು ಒತ್ತಡ ಹೆಚ್ಚಿಸಿದೆ, ಕಂಪ್ರೆಸರನ್ನು ಬೈದೆ. ಗನ್ನು ಬಿಚ್ಚಿ ನೋಡಲಿಲ್ಲ. ನಾನೇ ರಿಪೇರಿ ಮಾಡಿದ್ದಲ್ಲವೇ, ನೋಡುವುದೇನು ಎಂಬ ಕೊಬ್ಬು.

ಅಂಥದೊಂದು ಬೆಳಿಗ್ಗೆ ರತ್ನಮ್ಮ ಗನ್ನನ್ನು ಹಲಗೆಗೆ ಒತ್ತಿ ಬೆರಳಿನಿಂದ ಅದರ ಕುದುರೆ ಎಳೆದಳು. ಹೊಡೆಯಲಿಲ್ಲ. ಕುದುರೆ ಬಿಡದೆ ಇನ್ನಷ್ಟು ಒತ್ತಿದಳು. ಸರಿಯುತ್ತಿದ್ದ ಹಲಗೆಯನ್ನು ಎಡಗೈಯಿಂದ ಹಿಡಿಯಹೋದಳು. ಆಗ ಹೊಡೆಯಿತು. ಜಾರಿದ ಮೂತಿಯಿಂದ ಮೊಳೆ ಅವಳ ಹೆಬ್ಬೆರಳ ಪಕ್ಕದ ಮಾಂಸವನ್ನು ಹಾದು ಹಲಗೆಗೆ ಕೂತಿತು. ಅವಳು ಕೂಗಲಿಲ್ಲ. "ಅಣ್ಣ, ಕೈ ಬರ್ತಿಲ್ಲ" ಎಂದಳು, ಅಷ್ಟೇ.

ಆಸ್ಪತ್ರೆಗೆ ಕರೆದೊಯ್ದರು. ಮೊಳೆ ಮೂಳೆಗೆ ತಾಗಿರಲಿಲ್ಲ, ಹೊಲಿಗೆ ಹಾಕಿದರು. ಶೆಡ್ಡಿನಲ್ಲಿ ಮುನಿರಾಜು ಹಾರಾಡಿದ. "ತಂತಿ ಕಟ್ಟಿದ್ದಾಗ ಒಂದ್ ದಿನಾನೂ ಹಿಂಗಾಗಿರ್ಲಿಲ್ಲ. ಹೆಂಗಸ್ರ ಕೈಗೆ ಗನ್ ಕೊಟ್ಟಿದ್ದೇ ತಪ್ಪು. ನಾಳೆಯಿಂದ ಮೂರು ಜನಾನೂ ಹಲಗೆ ಹೊರ್ಲಿ."

ಎಲ್ಲರೂ ಆಚೆ ಹೋದ ಮೇಲೆ ಮೂರನೇ ನಂಬರನ್ನು ಬಿಚ್ಚಿದೆ. ಒಳಗೆ, ಮೊಳೆ ತಳ್ಳುವ ಭಾಗದ ಸುತ್ತ, ಬೆಳ್ಳಗೆ ತುಪ್ಪದಂತೆ ಗಟ್ಟಿಯಾಗಿ ಕೂತಿತ್ತು ನಮ್ಮ ಮನೆಯ ತೆಂಗಿನೆಣ್ಣೆ. ಬೆರಳಿಗೆ ಅಂಟಿತು. ಯಾರೋ ಬರುವ ಸದ್ದಾಯಿತು. ನಾನು ಏನು ಮಾಡಿದೆ ಗೊತ್ತೆ? ಚಿಂದಿಬಟ್ಟೆಯಿಂದ ಒರೆಸಿ, ಮುಚ್ಚಳ ತಿರುಗಿಸಿ ಸುಮ್ಮನೆ ನಿಂತೆ. ಈ ಊರಿನಲ್ಲಿ ನಾನು ಕಂಡ ಹೇಸಿಗೆಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಮರುದಿನ ಮಧ್ಯಾಹ್ನ ರತ್ನಮ್ಮ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. "ನನ್ ಕೈಯೇ ಸರಿ ಇಲ್ಲ ಬಿಡಣ್ಣ. ನೀವು ಅಷ್ಟು ಚೆನ್ನಾಗಿ ರಿಪೇರಿ ಮಾಡ್ಕೊಟ್ಟಿದ್ರಿ" ಎಂದಳು.

ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆಂದು ಕಾದೆ. "ನನ್ಗೆ ಹೇಳಿದ್ರೆ ಏನ್ ಬಂತು? ಗನ್ ಕಿತ್ಕೊಂಡಿರೋನ್ಗೆ ಹೇಳ್ರಿ" ಎಂದು ಎದ್ದು ಒಳಗೆ ಹೋದಳು.

ಕೆಲಸ ಹೋಗುತ್ತದೆಂಬ ಭಯಕ್ಕಿಂತ, ಇಷ್ಟು ದಿನ ಇವರ ಕೊಳಕಿನ ಬಗ್ಗೆ ನಾನು ಕೊಟ್ಟ ಉಪದೇಶವೆಲ್ಲ ನನ್ನ ಮುಖಕ್ಕೇ ಬೀಳುತ್ತದೆಂಬ ನಾಚಿಕೆ ದೊಡ್ಡದಿತ್ತು. ಆದರೂ ಅಂದು ಸಂಜೆ ಒಂದು ಬಟ್ಟಲಲ್ಲಿ ಅದೇ ತೆಂಗಿನೆಣ್ಣೆ ಸುರಿದು ಶೆಡ್ಡಿನಲ್ಲಿಟ್ಟು ಬಂದೆ. ಬೆಳಿಗ್ಗೆ ಎಲ್ಲರನ್ನೂ ಕರೆದು, ಮುನಿರಾಜುವಿನ ಎದುರಿಗೆ ಬಟ್ಟಲನ್ನು ಬೋರಲು ಹಿಡಿದೆ. ಒಂದು ತೊಟ್ಟೂ ಬೀಳಲಿಲ್ಲ. "ಇದೇ ಗನ್ನಿನೊಳಗೆ ಇದ್ದದ್ದು. ತಪ್ಪು ನನ್ನದು ಮಾರಾಯ್ರೆ, ಅವಳದಲ್ಲ" ಎಂದೆ.

ಮುನಿರಾಜು ಬಟ್ಟಲನ್ನು ನೋಡಿದ, ನನ್ನನ್ನು ನೋಡಿದ. "ನಮ್ಮಜ್ಜಿ ತಲೆಗೆ ಹಚ್ಕೊಳ್ಳೋಕೆ ಮುಂಚೆ ಬಿಸಿಲಿಗಿಡ್ತಾಳೆ ಕಣಣ್ಣ. ಅಷ್ಟೂ ಗೊತ್ತಿಲ್ವಾ ನಿಮ್ಗೆ? ಮಿಷನ್ ಎಣ್ಣೆ ಎಸೆದು ಇದನ್ನ ಹಾಕಿದ್ರಾ?" ಶೆಡ್ಡಿಗೆ ಶೆಡ್ಡೇ ನಕ್ಕಿತು. ಗುಟ್ಕಾ ತುಂಬಿದ ಬಾಯಿಗಳೂ ನಕ್ಕವು. ನಗು ನಿಂತ ಮೇಲೆ ಆತ ಹೇಳಿದ: "ರತ್ನಮ್ಮ ವಾಸಿ ಮಾಡ್ಕೊಂಡು ಬರ್ಲಿ. ಗನ್ ಅವಳ್ದೇ. ಮಿಕ್ಕಿಬ್ರೂ ಹಿಡ್ಕೊಳ್ಲಿ. ಇನ್ನೊಂದ್ ಸಲ ಹಿಂಗಾದ್ರೆ ನೀವು ಬಸ್ ಹತ್ತಿ."

ರತ್ನಮ್ಮ ಸಂಕ್ರಾಂತಿ ಕಳೆದು ಬಂದಳು. ಅಂದಿನಿಂದ ದಿನಾ ನಾನು ಕೊಟ್ಟ ಗನ್ನಿನ, ಎಣ್ಣೆ ಬಿಡುವ ಗಾಳಿಬಾಯಿಗೆ ಬೆರಳು ಹಾಕಿ, ಮೂಸಿ, ಮೊದಲು ಒಂದು ಹಳೇ ತುಂಡಿಗೆ ಹೊಡೆದು ನೋಡುತ್ತಿದ್ದಳು. ಎಲ್ಲರ ಎದುರಿಗೆ. "ಕೋಪ ಇಲ್ಲಣ್ಣ. ಕೈ ನಂದಲ್ವಾ" ಎಂದಳು ಒಮ್ಮೆ.

ಶಿವರಾತ್ರಿಯ ಹೊತ್ತಿಗೆ ಊರಿನಿಂದ ಫೋನ್ ಬಂತು. ಯಾರ್ಡ್ ಮತ್ತೆ ಶುರುವಾಗಿದೆ, ಹಳೇ ಕೆಲಸ ಕಾದಿದೆ, ಯುಗಾದಿಯೊಳಗೆ ಬಾ. ಕುಣಿದಾಡುವುದೊಂದು ಬಾಕಿ. ಹುಳುವಿನ ನಾತ, ಉಗುಳು, ಧೂಳು, ಬಿಳಿ ಕಟ್ಟುವ ಬೋರ್‌ವೆಲ್ ನೀರು, ಎಲ್ಲಕ್ಕೂ ಒಂದೇ ನಮಸ್ಕಾರ. ಯಾರಿಗೂ ಹೇಳದೆ ಚೀಲಕ್ಕೆ ಬಟ್ಟೆ ತುಂಬತೊಡಗಿದೆ.

ಎರಡು ದಿನದ ನಂತರದ ಬೆಳಿಗ್ಗೆ. ರತ್ನಮ್ಮ ಮಗಳ ಪರೀಕ್ಷೆಯ ವಿಷಯ ಏನೋ ಹೇಳುತ್ತಲೇ ನನ್ನ ಕೈಯಿಂದ ಗನ್ನು ತೆಗೆದುಕೊಂಡಳು. ಬೆರಳು ಹಾಕಲಿಲ್ಲ. ಮೂಸಲಿಲ್ಲ. ಹಳೇ ತುಂಡನ್ನು ಹುಡುಕಲಿಲ್ಲ. ಎಡಗೈಯಿಂದ ಹಲಗೆ ಹಿಡಿದು, ಮಾತು ನಿಲ್ಲಿಸದೆ ಮೊಳೆ ಹೊಡೆಯತೊಡಗಿದಳು. ಹೆಬ್ಬೆರಳ ಪಕ್ಕದ ಗಾಯದ ಗುರುತು ಇನ್ನೂ ಕೆಂಪಗೇ ಕಾಣುತ್ತಿತ್ತು.

ನಾನು ಹೋದ ಮೇಲೂ ಅವಳು ಯಾರೋ ಕೊಟ್ಟ ಗನ್ನನ್ನು ಹೀಗೇ ನೋಡದೆ ಹಿಡಿದರೆ?

ಈ ಊರು ಇನ್ನೂ ನನಗೆ ಹಿಡಿಸಿಲ್ಲ, ಹಿಡಿಸುವುದೂ ಇಲ್ಲ. ಯಾರ್ಡಿನವರು ಮತ್ತೆರಡು ಸಲ ಫೋನ್ ಮಾಡಿದರು, ನಾನು ಎತ್ತಲಿಲ್ಲ.