ಮುಳ್ಳಿಗೆ ಸಿಕ್ಕ ಸೆರಗು

“ಜಗ್ಗಬ್ಯಾಡ ತಂಗಿ! ಎಳಿ ಹರಿತಾವ. ನಿಂತು ಸಾವಕಾಶ ಬಿಡಿಸ್ಕೋ!”

ಬನಹಟ್ಟಿಯ ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಹೀಗೆ ಕೂಗಿದವಳು ನನ್ನ ಪಕ್ಕದಲ್ಲೇ ಕೂತಿದ್ದ ಅಕ್ಕ. ಆಗಿನ್ನೂ ಜಮಖಂಡಿ ಸಂಸ್ಥಾನದ ಕಾಲ. ಕೂಸು ತೀರಿಕೊಂಡು ತವರಿಗೆ ಬಂದ ಮೇಲೆ ಅವಳ ಬಾಯಿಂದ “ಒಲ್ಲೆ” ಎನ್ನುವುದರ ಹೊರತು ಬೇರೆ ಮಾತನ್ನು ನಾವು ಕೇಳಿರಲಿಲ್ಲ. ನೂಲು ಸುತ್ತುವ ರಾಟಿಯನ್ನೂ ಅವಳು ಮುಟ್ಟಿರಲಿಲ್ಲ. ನಾನೇ ಕಾಡಿಬೇಡಿ ಸಿನಿಮಾಕ್ಕೆ ಕರೆತಂದಿದ್ದೆ. ಅದು ಹಿಂದಿ ಚಿತ್ರ. ನಮಗೆ ಮಾತು ತಿಳಿಯುತ್ತಿರಲಿಲ್ಲ. ತನ್ನವರನ್ನೆಲ್ಲ ಕಳೆದುಕೊಂಡ ಹೆಂಗಸೊಬ್ಬಳು ಅಡವಿಯಲ್ಲಿ ಒಬ್ಬಳೇ ನಡೆಯುತ್ತಿದ್ದಾಳೆ, ಅಷ್ಟು ಗೊತ್ತಾಗಿತ್ತು. ಆಕೆಯ ಸೆರಗು ಮುಳ್ಳುಕಂಟಿಗೆ ಸಿಕ್ಕಿದ್ದೇ ತಡ, ನೇಕಾರರ ಮನೆಯ ಮಗಳಾದ ಅಕ್ಕ ತಡೆಯಲಾರದೆ ಎದ್ದು ನಿಂತಿದ್ದಳು.

“ಆಕಿಗೆ ಕೇಳಂಗಿಲ್ಲ ಬೇ, ಕುಂದರು!” ಎಂದು ಹಿಂದೆ ಕೂತಿದ್ದ ಮುದುಕಿ ನಕ್ಕಳು.

ಅಷ್ಟರಲ್ಲಿ ಪರದೆಯ ಮೇಲಿನ ಹೆಂಗಸು ನಿಂತು, ಬಾಗಿ, ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡು ಮುಂದೆ ನಡೆದಳು.

“ಕೇಳ್ತು ನೋಡು,” ಎಂದು ಅಕ್ಕ ನಕ್ಕೇಬಿಟ್ಟಳು.

ಮರುದಿನ ನಸುಕಿನಲ್ಲಿ ರಾಟಿಯ ಸದ್ದು ಕೇಳಿಸಿತು. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು, “ಈಗ ಬಂದ್ಲು ನೋಡು ನನ್ನ ಮಗಳು ಮನಿಗಿ,” ಎಂದಳು.