ಒಣಗಿಸಬೇಡಿ ಎಂದು ದಿನವೂ ಬೈಯುವ ಪಟ್ಟಿ ಅಕ್ಕ

ಬೆಳಗು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ಆಗಲೇ ಬೈಗುಳ ಶುರುವಾಗಿದೆ.

"ಮತ್ತೆ ಬಿಚ್ಚಿದ್ರಾ? ನನ್ನ ಕರ್ಮ! ಎಷ್ಟು ಸಲ ಬಡ್ಕೋಬೇಕು ರೀ ನಾನು?"

ಗಾಯಕ್ಕೆ ಪಟ್ಟಿ ಕಟ್ಟುತ್ತಲೇ ತಲೆ ನೆರೆತಿರುವ ಈಕೆಯನ್ನು ಇಲ್ಲಿ ಎಲ್ಲರೂ ಕರೆಯುವುದು ಪಟ್ಟಿ ಅಕ್ಕ ಎಂದೇ. ಎದುರಿಗೆ ತಲೆ ತಗ್ಗಿಸಿ ಕೂತಿರುವವರು ಇಸ್ತ್ರಿ ಅಂಗಡಿಯವರು. ಇಸ್ತ್ರಿಪೆಟ್ಟಿಗೆ ಜಾರಿ ಅವರ ಬಲಗೈಯ ಹಿಂಬದಿ ಸುಟ್ಟಿದೆ. ಹಸಿ ಬಟ್ಟೆ ಒಣಗಿಸಿಯೇ ಬದುಕಿದವರು ಹಸಿ ಗಾಯವನ್ನು ಸುಮ್ಮನೆ ಬಿಟ್ಟಾರೆಯೇ? ಪಟ್ಟಿ ಬಿಚ್ಚಿ, ಬಿಸಿ ಪೆಟ್ಟಿಗೆಯ ಮೇಲೆ ಕೈ ಹಿಡಿದು ಕಾಯಿಸಿಕೊಂಡು ಬಂದಿದ್ದಾರೆ!

"ಒದ್ದೆ ಇದ್ರೆ ಕೊಳೆಯುತ್ತೆ ಅಂದ್ಕೊಂಡೆ ಅಕ್ಕಾ."

"ಒಣಗಿಸೋಕೆ ಅದೇನು ಅಂಗೀನಾ?" ಪಟ್ಟಿ ಅಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. "ಅಂಚಲ್ಲಿ ಉಳಿದಿರೋ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ, ಹಸಿ ಇರೋ ಕಡೆ ತೆವಳ್ಕೊಂಡು ನಡುವೆ ಬಂದು ಸೇರ್ಬೇಕು. ಕೆಳಗೆ ಬೇರೆ ಜೀವಕೋಶಗಳು ಮೆತ್ತನೆ ನೆಲ ಕಟ್ಟಿಕೊಡ್ತಿವೆ. ಆ ನೆಲಾನೇ ನೀವು ಕಾಯಿಸಿ ಕರಕಲು ಮಾಡಿದ್ರೆ, ಪಾಪ, ಅವು ಎಲ್ಲಿ ಹೋಗಿ ಸಾಯ್ಬೇಕು?"

ಸಿಟ್ಟಿಗೆ ಕಾರಣವಿದೆ. ಇನ್ನೊಂದು ವಾರದೊಳಗೆ ಗಾಯ ಮುಚ್ಚದಿದ್ದರೆ ತೊಡೆಯ ಚರ್ಮ ತೆಗೆದು ಕೈಗೆ ಹಾಕಬೇಕೆಂದು ಡಾಕ್ಟರು ಹೇಳಿದ್ದಾರೆ. ಆಮೇಲೂ ಬೆರಳು ಬಿಗಿದು ಮುಷ್ಟಿ ಕಟ್ಟಲಾಗದೆ ಹೋಗಬಹುದು. ಪೆಟ್ಟಿಗೆ ಹಿಡಿಯಲಾಗದಿದ್ದರೆ ಅಂಗಡಿಗೆ ಬೀಗವೇ ಗತಿ.

ಗಾಯ ತೊಳೆದು, ತೇವ ಆರದಂತೆ ಹೊಸ ಪಟ್ಟಿ ಸುತ್ತಿದ ಮೇಲೆ ಪಟ್ಟಿ ಅಕ್ಕ ಬಾಗಿಲ ಬಳಿ ನಿಂತಿದ್ದ ಅವರ ಹೆಂಡತಿಯನ್ನು ಕರೆಯುತ್ತಾರೆ. "ನೋಡಮ್ಮಾ, ಇವರು ಪಟ್ಟಿ ಮುಟ್ಟಿದ್ರೆ ಕೈ ಮೇಲೆ ಒಂದು ಬಿಡು. ಈ ಕೈ ಮೇಲಲ್ಲ ಮತ್ತೆ, ಆ ಕೈ ಮೇಲೆ!"

ದಿನಕ್ಕೆ ಮೂವತ್ತು ನಲವತ್ತು ಗಾಯ. ಕೀವಿನ ವಾಸನೆಗೆ ಈ ಕೋಣೆಯತ್ತ ಬೇರೆ ಯಾರೂ ಸುಳಿಯುವುದಿಲ್ಲ. ನಿಂತು ನಿಂತು ಪಟ್ಟಿ ಅಕ್ಕನ ಕಾಲಿನ ನರಗಳು ಉಬ್ಬಿವೆ. ಅರಿಶಿನ ಮೆತ್ತಿಕೊಂಡವರು, ಟೂತ್‌ಪೇಸ್ಟ್ ಬಳಿದುಕೊಂಡವರು, ಚರ್ಮ ಬಂತಾ ನೋಡೋಣವೆಂದು ಗಳಿಗೆಗೊಮ್ಮೆ ಇಣುಕಿ ಬಂದ ಚರ್ಮವನ್ನೂ ಕಿತ್ತುಕೊಂಡವರು, ಎಲ್ಲರೂ ಇವರ ಪಾಲಿಗೇ. ಮನೆಯಲ್ಲಾದರೂ ನೆಮ್ಮದಿ ಉಂಟೇ? "ಊರಿಗೆಲ್ಲ ಪಟ್ಟಿ ಕಟ್ಟಿ ಹೋದ್ರೆ, ನಮ್ಮನೆಯವರು ಮೊಣಕಾಲಿನ ಹಕ್ಕಳೆ ಕೀಳ್ತಾ ಟಿವಿ ಮುಂದೆ ಕೂತಿರ್ತಾರೆ!"

ವಾರ ಕಳೆದು ಇಸ್ತ್ರಿ ಅಂಗಡಿಯವರು ಮತ್ತೆ ಬಂದಿದ್ದಾರೆ. ಈ ಸಲ ಪಟ್ಟಿ ಕಟ್ಟಿದ ಹಾಗೇ ಇದೆ. ಪಟ್ಟಿ ಅಕ್ಕ ಉಸಿರು ಬಿಗಿಹಿಡಿದು ಬಿಚ್ಚುತ್ತಾರೆ. ತೆಳ್ಳಗೆ, ನಸುಗೆಂಪಗೆ, ಈ ಅಂಚಿನಿಂದ ಆ ಅಂಚಿಗೆ ಹೊಸ ಚರ್ಮ ಕೂಡಿಕೊಂಡಿದೆ. ಡಾಕ್ಟರು ಬಗ್ಗಿ ನೋಡಿ, ಬೆರಳು ಮಡಿಸಲು ಹೇಳಿ, "ಆಪರೇಷನ್ ಬೇಡ" ಎನ್ನುತ್ತಾರೆ. ಖುಷಿಗೆ ಇಸ್ತ್ರಿ ಅಂಗಡಿಯವರು ಡಾಕ್ಟರ ಕೈಯನ್ನು ಗಟ್ಟಿಯಾಗಿ ಹಿಡಿದು ಕುಲುಕಿಯೇ ಕುಲುಕುತ್ತಾರೆ. ಪಟ್ಟಿ ಅಕ್ಕನ ಕಡೆ ತಿರುಗಿಯೂ ನೋಡುವುದಿಲ್ಲ.

"ಅಯ್ಯೋ, ಮೆಲ್ಲಗೆ ರೀ! ಹೊಸ ಚರ್ಮ ಅದು!"

ನಿಮ್ಮನ್ನು ಮರೆತೇಬಿಟ್ಟರಲ್ಲ, ಬೇಜಾರಿಲ್ಲವೇ ಎಂದರೆ ಅದಕ್ಕೂ ರೇಗುತ್ತಾರೆ. "ಯಾರ ಕೈ ಬೇಕಾದ್ರೂ ಹಿಡ್ಕೊಳ್ಲಿ ಬಿಡಿ. ಹಿಡಿಯೋಕೆ ಬಂತಲ್ಲ, ನಂಗಷ್ಟು ಸಾಕು."