ಬೀಗ ಹಾಕಿದ ಮನೆಗಳ ಉಳಿತಾಯ

2016ರ ಬೇಸಿಗೆಯಲ್ಲಿ ನಾನು ಬೀದರ್‌ನ ವಿದ್ಯುತ್ ವಿತರಣಾ ಕಚೇರಿಯಲ್ಲಿ ಸಹಾಯಕ ಎಂಜಿನಿಯರ್ ಆಗಿದ್ದೆ. ಸೇವೆಗೆ ಸೇರಿ ಒಂದೂವರೆ ವರ್ಷವಾಗಿತ್ತು. ಪ್ರೊಬೇಷನ್, ಅಂದರೆ ಹುದ್ದೆ ಕಾಯಂ ಆಗುವ ಮುಂಚಿನ ಪರೀಕ್ಷಾ ಅವಧಿ, ಇನ್ನೂ ಮುಗಿದಿರಲಿಲ್ಲ. ಮೈಲೂರಿನ ನಮ್ಮ ಮನೆಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಸಾದಾ ಕಚೇರಿ ಟಿಪ್ಪಣಿಯನ್ನು ಸಹ ಮೂರು ಸಲ ಓದಿಯೇ ಸಹಿ ಹಾಕುತ್ತಿದ್ದೆ.

ಆಗ ನನಗೆ ವಹಿಸಿದ್ದು ಇಂಧನ ದಕ್ಷತಾ ಕಾರ್ಯಕ್ರಮವೊಂದರ ಮೌಲ್ಯಮಾಪನ. ಕಂಪನಿಯು ಪ್ರಾಯೋಗಿಕವಾಗಿ ಎರಡು ಕಡೆ, ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮತ್ತು ಔರಾದ್ ತಾಲ್ಲೂಕಿನ ಠಾಣಾ ಕುಶನೂರಿನ ಒಂದು ಓಣಿಯಲ್ಲಿ, 60 ವ್ಯಾಟಿನ ಹಳೆಯ ಬಲ್ಬುಗಳನ್ನು ಪಡೆದು 9 ವ್ಯಾಟಿನ ಎಲ್‌ಇಡಿ ಬಲ್ಬುಗಳನ್ನು ಕೊಟ್ಟಿತ್ತು. ಆ ಮನೆಗಳಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್‌ಗೇ ಒಂದು ಮೀಟರ್ ಕೂಡಿಸಲಾಗಿತ್ತು. ಹಂಚಿಕೆಯ ಮೊದಲಿನ ಮೂರು ತಿಂಗಳ ಬಳಕೆಯಿಂದ ನಂತರದ ಮೂರು ತಿಂಗಳ ಬಳಕೆಯನ್ನು ಕಳೆದರೆ ಉಳಿತಾಯ ಸಿಗುತ್ತಿತ್ತು. ಉಳಿದ ವಿದ್ಯುತ್ತಿನ ಬೆಲೆಯನ್ನು ಕಾರ್ಯಕ್ರಮದ ಖರ್ಚಿನಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಲಾಭ-ವೆಚ್ಚ ಅನುಪಾತ ಎನ್ನುತ್ತಾರೆ. ಅದು ಒಂದಕ್ಕಿಂತ ಹೆಚ್ಚಿದ್ದರೆ ಕಾರ್ಯಕ್ರಮಕ್ಕೆ ಹಾಕಿದ್ದು ಮರಳಿ ಬಂದಂತೆ. ಕಡಿಮೆಯಿದ್ದರೆ ಬರಲಿಲ್ಲವೆಂದೇ ಅರ್ಥ.

ಭಾಲ್ಕಿಯ ಅನುಪಾತ 1.2 ಬಂತು. ಠಾಣಾ ಕುಶನೂರಿನದು 2.1. ನಾನು ಕೂಡಿ ಕಳೆದು ಮತ್ತೆ ನೋಡಿದೆ, ಗಣಿತದಲ್ಲಿ ತಪ್ಪಿರಲಿಲ್ಲ. “ಗ್ರಾಮಸ್ಥರಲ್ಲಿ ಮೂಡಿದ ಜಾಗೃತಿಯೇ ಈ ಸಾಧನೆಗೆ ಕಾರಣ” ಎಂಬ ವಾಕ್ಯವನ್ನೂ ಸೇರಿಸಿ ವರದಿಯನ್ನು ಕೇಂದ್ರ ಕಚೇರಿಗೆ ಕಳಿಸಿದೆ.

ಆ ಸಂಖ್ಯೆಯ ಹಿಂದೆ ಇನ್ನೊಂದು ವಿಷಯವಿತ್ತು. ಕಾರ್ಯಕ್ರಮದ ಎರಡನೆಯ ಹಂತದಲ್ಲಿ ಕುಡಿಯುವ ನೀರಿನ ಹಳೆಯ ಮೋಟರುಗಳನ್ನು ತೆಗೆದು, ಕಡಿಮೆ ಕರೆಂಟ್ ತಿನ್ನುವ ಹೊಸ ಮೋಟರುಗಳನ್ನು ಕೂಡಿಸುವುದಿತ್ತು. ಬಲ್ಬಿನ ಅನುಪಾತ ಒಂದನ್ನು ದಾಟಿದ ತಾಲ್ಲೂಕಿಗೆ ಮಾತ್ರ ಅವು ಹೋಗಬೇಕೆಂಬುದು ನಿಯಮ. ಠಾಣಾ ಕುಶನೂರಿನ ಆ ಓಣಿಗೆ ಇದ್ದದ್ದು ಒಂದೇ ಕೊಳವೆಬಾವಿ, ಸುಟ್ಟು ಎಷ್ಟೋ ಸಲ ಒಳಗಿನ ತಂತಿ ಮತ್ತೆ ಸುತ್ತಿಸಿದ ಒಂದೇ ಮೋಟರು. ಆ ವರ್ಷದ ಬರದಲ್ಲಿ ಅದು ಸುಟ್ಟಿತೆಂದರೆ ಮೂರು-ನಾಲ್ಕು ದಿನ ಓಣಿಗೆ ನೀರಿಲ್ಲ.

ವರದಿಯ ಪ್ರತಿಯನ್ನು ಓದಿ ನಕ್ಕವರು ವೈಜಿನಾಥ, ಆ ಭಾಗದ ಹಿರಿಯ ಮೀಟರ್ ರೀಡರ್.

“ಜಾಗೃತಿ ಅಂತ ಬರ್ದೀರಲ್ರಿ ಮೇಡಂ! ಓಣಿಗಿ ಈಗ ಒಮ್ಮಿ ಬಂದ್ ನೋಡ್ರಿ. ಬಲ್ಬ್ ಉರೀಬೇಕಂದ್ರ ಮನ್ಯಾಗ ಮಂದಿ ಇರಬೇಕಲ್ರಿ?”

ಮರುದಿನ ಬೆಳಗಿನ ಬಸ್ಸಿಗೆ ಅವರೊಂದಿಗೆ ಹೊರಟೆ. ಆ ಟ್ರಾನ್ಸ್‌ಫಾರ್ಮರ್‌ನ ಅಡಿ ಅರವತ್ನಾಲ್ಕು ಮನೆಗಳಿದ್ದವು. ಇಪ್ಪತ್ತೇಳಕ್ಕೆ ಬೀಗ. ಸತತ ಎರಡು ವರ್ಷ ತೊಗರಿ, ಸೋಯಾ ಕೈಕೊಟ್ಟ ಮೇಲೆ ಆ ಕುಟುಂಬಗಳು ಕಟ್ಟಡ ಕೆಲಸಕ್ಕೆಂದು ಹೈದರಾಬಾದಿಗೋ ಪುಣೆಗೋ ಹೋಗಿದ್ದವು. ಅವರು ಹೋಗಿದ್ದು ಬಲ್ಬ್ ಹಂಚಿದ ಕೆಲವೇ ವಾರಗಳ ನಂತರ. ನಾನು ಜಾಗೃತಿ ಎಂದು ಬರೆದದ್ದು ಇದನ್ನು.

ಬೀಗದ ಮನೆಗಳ ಕೀಲಿಗಳೆಲ್ಲ ರೂತಮ್ಮ ಎಂಬ ನಿವೃತ್ತ ನರ್ಸ್ ಬಳಿ ಇದ್ದವು. ಓಣಿಯ ಅರ್ಧ ಮಕ್ಕಳ ಹೆರಿಗೆ ಮಾಡಿಸಿದವರು; ಎಲ್ಲರೂ ನಂಬುವ ಹೆಂಗಸು. ಅವರು ತಮ್ಮ ಮನೆಯ ತಗಡಿನ ಟ್ರಂಕನ್ನು ಎಳೆದು ತೆರೆದು ತೋರಿಸಿದರು. ಒಳಗೆ ನಮ್ಮ ಎಲ್‌ಇಡಿ ಬಲ್ಬುಗಳು. ಒಂದೊಂದಕ್ಕೂ ಬಟ್ಟೆ ಸುತ್ತಿ, ಮೇಲೆ ದವಾಖಾನೆಯ ಬಿಳಿ ಪ್ಲಾಸ್ಟರ್ ಪಟ್ಟಿ ಅಂಟಿಸಿ, ಮನೆಯವರ ಹೆಸರು ಬರೆದಿದ್ದರು.

“ಊರಿಗಿ ಹೋಗೋರು ಬಿಚ್ಚಿ ಕೊಟ್ಟು ಹೋಗ್ಯಾರ್ರಿ. ಕಳುವಾದ್ರ ಮತ್ತ ಯಾರ ಕೊಡ್ತಾರ?”

“ಊರಲ್ಲೇ ಇರುವವರು?”

“ಅವ್ರೂ ಭಾಳ ಮಂದಿ ಎತ್ತಿ ಇಟ್ಟಾರ್ರಿ. ಹಳೇದು ಹೋಗೂತನ ಹಳೇದೇ ಉರಸ್ತಾರ.”

“ಹಳೆಯ ಬಲ್ಬನ್ನು ನಾವು ವಾಪಸ್ ತೆಗೆದುಕೊಂಡಿದ್ದೆವಲ್ಲ?”

ವೈಜಿನಾಥ ನೆಲ ನೋಡುತ್ತ ನಗು ತಡೆದರು. ರೂತಮ್ಮ ತಡೆಯಲಿಲ್ಲ. “ನೀವು ಹಳೇ ಬಲ್ಬ್ ತರ್ರಿ ಅಂದ್ರಿ, ಉರಿಯೋದು ತರ್ರಿ ಅಂದಿಲ್ಲಲ್ಲ! ಹೋದ ಬಲ್ಬ್ ಯಾರ ಮನ್ಯಾಗ ಇರಲ್ರಿ?”

ಹಂಚಿಕೆಯ ದಿನ ಬಲ್ಬುಗಳನ್ನು ಎಣಿಸಿಕೊಂಡವಳು ನಾನೇ. ಒಂದನ್ನೂ ಹೋಲ್ಡರಿಗೆ ಹಾಕಿ ನೋಡಿರಲಿಲ್ಲ. ಜೊತೆಗೆ, ಮೂರು ವರ್ಷದೊಳಗೆ ಬಲ್ಬ್ ಕೆಟ್ಟರೆ ಗ್ಯಾರಂಟಿ ಚೀಟಿಯೊಡನೆ ಔರಾದ್ ಕಚೇರಿಗೆ ಬರಬೇಕೆಂದು ಬಹಳ ಶುದ್ಧವಾದ ಭಾಷೆಯಲ್ಲಿ ತಿಳಿಸಿದ್ದೆ. ಬಲ್ಬಿಗಾಗಿ ಔರಾದ್‌ಗೆ ಹೋಗಿ ಒಂದು ದಿನದ ಕೂಲಿ ಬಿಡಲು ಯಾರು ಸಿದ್ಧರಿರುತ್ತಾರೆ? ಆದ್ದರಿಂದ ಅವರು ಅದನ್ನು ಕೆಡಲಿಕ್ಕೇ ಬಿಟ್ಟಿರಲಿಲ್ಲ.

ಮನೆ ಮನೆ ತಿರುಗಿದೆವು. ಜನರಿದ್ದ ಮೂವತ್ತೇಳು ಮನೆಗಳಲ್ಲಿ ಹದಿನೈದರಲ್ಲಿ ಮಾತ್ರ ಹೊಸ ಬಲ್ಬ್ ಉರಿಯುತ್ತಿತ್ತು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಹೊಸದಾಗಿ ಲೆಕ್ಕ ಹಾಕಿದೆ. ಅನುಪಾತ 0.7.

ಬಸ್ಸಿನವರೆಗೆ ಕಳಿಸಲು ಬಂದ ರೂತಮ್ಮ ಕೇಳಿದರು: “ನಿಮ್ಮ ರಿಪೋರ್ಟಿನಿಂದ ಮೋಟರ್ ಬರ್ತದಂತಲ್ರಿ, ಖರೇನ?”

ನಾನು 0.7 ಎಂದು ಬರೆದಿದ್ದ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದೆ. ಅವರಿಗೆ ಅರ್ಥವಾಯಿತು.

“ಟ್ರಂಕಿನ ಸುದ್ದಿ ನಾ ಯಾರ ಮುಂದೂ ಹೇಳೂದಿಲ್ರಿ, ಮೇಡಂ. ನೀವೂ ಹೇಳಬ್ಯಾಡ್ರಿ. ಮೋಟರ್ ಬಂದ್ರ ಸಾಕು.”

ಬೀದರ್ ತಲುಪುವವರೆಗೆ ಆ ಮಾತು ನನ್ನನ್ನು ಬಿಡಲಿಲ್ಲ. ಸುಳ್ಳು ಸಂಖ್ಯೆ ಇದ್ದರೆ ಓಣಿಗೆ ನೀರು. ನಿಜ ಬರೆದರೆ ಇಲ್ಲ. ಆದರೆ 2.1 ಅನ್ನು ನಂಬಿ ಕಂಪನಿಯು ಇಡೀ ತಾಲ್ಲೂಕಿಗೆ ಬಲ್ಬ್ ಹಂಚಿದರೆ, ಅವೂ ಟ್ರಂಕುಗಳನ್ನೇ ಸೇರುತ್ತಿದ್ದವು. ಊರಂಚಿನ ನೌಬಾದ ಬರುವ ಹೊತ್ತಿಗೆ ನನಗೆ ಒಂದು ದಾರಿ ಹೊಳೆದಿತ್ತು.

ಕಾರ್ಯನಿರ್ವಾಹಕ ಎಂಜಿನಿಯರ್ ಸಾಹೇಬರು ನನ್ನ ಮಾತನ್ನು ಪೂರ್ತಿ ಕೇಳಿ ಕನ್ನಡಕ ತೆಗೆದರು. “ಕಳಿಸಿದ ವರದಿ ವಾಪಸ್ ತರಸ್ತೀ ಏನಮ್ಮಾ? ಅದೂ ಪ್ರೊಬೇಷನ್‌ದಾಗ? ಮ್ಯಾಲ ಆ ಓಣಿ ಮೋಟರೂ ಹೋಗ್ತದ.”

“ಮೋಟರಿನ ಲೆಕ್ಕ ಮೋಟರಿನಿಂದಲೇ ಮಾಡ್ತೇನಿ ಸರ್. ಒಂದ್ ವಾರ ಕೊಡ್ರಿ.”

ಬಲ್ಬಿನ ಬಳಕೆ ಮನೆಯಲ್ಲಿ ಜನರಿದ್ದಾರೆಯೇ ಎಂಬುದರ ಮೇಲೆ ನಿಂತಿದೆ. ಗುಳೆಯ ವರ್ಷದಲ್ಲಿ ತಿಂಗಳಿಗೆ ತಿಂಗಳು ಹೋಲಿಸಿದರೆ ನಾವು ಅಳೆಯುವುದು ಬಲ್ಬನ್ನಲ್ಲ, ಊರು ಬಿಟ್ಟವರನ್ನು. ನೀರಿನ ಟ್ಯಾಂಕ್ ಹಾಗಲ್ಲ. ಊರು ತುಂಬಿರಲಿ, ಖಾಲಿಯಿರಲಿ, ಇಪ್ಪತ್ತೈದು ಸಾವಿರ ಲೀಟರಿನ ಟ್ಯಾಂಕ್ ಒಮ್ಮೆ ತುಂಬಲು ಎಷ್ಟು ಯೂನಿಟ್ ಬೇಕು ಎಂಬುದನ್ನು ನೇರವಾಗಿ ಅಳೆಯಬಹುದು. ವೈಜಿನಾಥ ಮತ್ತು ನಾನು ಅಳೆದೆವು. ಠಾಣಾ ಕುಶನೂರಿನ ಹಳೆಯ ಮೋಟರು ಇಪ್ಪತ್ತೆರಡು ಯೂನಿಟ್ ತಿಂದಿತು. ಭಾಲ್ಕಿ ತಾಲ್ಲೂಕಿನಲ್ಲಿ ಅಷ್ಟೇ ಆಳದ ಕೊಳವೆಬಾವಿಗೆ ಪಂಚಾಯಿತಿಯವರೇ ಮೊದಲೇ ಅಂಥ ಹೊಸ ಮೋಟರು ಕೂಡಿಸಿದ್ದ ಒಂದು ಊರಿತ್ತು; ಅಲ್ಲಿ ಅಷ್ಟೇ ನೀರಿಗೆ ಹದಿಮೂರು ಸಾಕಾಯಿತು. ಅರ್ಧ ಓಣಿ ಖಾಲಿಯೆಂದೇ ಹಿಡಿದು, ಎರಡು ದಿನಕ್ಕೊಮ್ಮೆ ಟ್ಯಾಂಕ್ ತುಂಬಿದರೂ ಅನುಪಾತ 1.4 ಬಂತು.

ಎರಡು ವರದಿಗಳು ಒಟ್ಟಿಗೆ ಹೋದವು: ಒಂದು ತಪ್ಪೊಪ್ಪಿಗೆ, ಇನ್ನೊಂದು ಪ್ರಸ್ತಾವನೆ. ತಿಂಗಳ ನಂತರ ಮುಖ್ಯ ಎಂಜಿನಿಯರ್ ಬೀದರ್‌ಗೆ ಬಂದಾಗ ನನ್ನನ್ನು ಕರೆಸಿದರು.

“ಮೊದಲಿನ ವರದಿ ಯಾರದು?”

“ನನ್ನದೇ ಸರ್. ಓಣಿಯ ಮನೆಗಳಿಗೆ ಹೋಗದೆ ಬರೆದದ್ದು.”

“ಇದು?”

“ಹೋಗಿ ಬರೆದದ್ದು.”

ಬಲ್ಬಿನ ಹಂಚಿಕೆಯನ್ನು ಅವರು ತಡೆಹಿಡಿದರು. ಮುಂದೆ ಕೆಟ್ಟ ಬಲ್ಬನ್ನು ಮೀಟರ್ ರೀಡರ್ ಮನೆಬಾಗಿಲಲ್ಲೇ ಬದಲಿಸಬೇಕೆಂದು ಬರೆಸಿದರು. ಮೋಟರುಗಳಿಗಿದ್ದ ಬಲ್ಬಿನ ಷರತ್ತನ್ನು ತೆಗೆದುಹಾಕಿದರು. ನನ್ನ ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ ಹೋಯಿತು. ಅದು ನ್ಯಾಯವೇ ಆಗಿತ್ತು.

ಮಳೆಗಾಲಕ್ಕೆ ಮುಂಚೆ ಠಾಣಾ ಕುಶನೂರಿನಲ್ಲಿ ಹೊಸ ಮೋಟರು ಕೂಡಿಸಿದರು. ಮೊದಲ ಸಲ ಟ್ಯಾಂಕ್ ತುಂಬಿ ಹೊರಚೆಲ್ಲಿದಾಗ ರೂತಮ್ಮ ಕೊಡ ಕೆಳಗಿಟ್ಟು, “ನಿಮ್ಮ ಬಲ್ಬಿಗಿಂತ ಇದು ಪಾಡ ಅದ ನೋಡ್ರಿ” ಎಂದರು. ನಾನು ಮೀಟರ್ ನೋಡಿದೆ. ಹದಿನಾಲ್ಕು ಯೂನಿಟ್, ನಾನು ಹೇಳಿದ್ದಕ್ಕಿಂತ ಒಂದು ಹೆಚ್ಚು. “ಹದಿಮೂರೇ ಬರೀರಿ, ಯಾರ್ ಕೇಳ್ತಾರ?” ಎಂದರು ವೈಜಿನಾಥ, ನನ್ನನ್ನು ಕೆಣಕಲೆಂದೇ.

ಹದಿನಾಲ್ಕೆಂದೇ ಬರೆದೆ. ಒಂದು ಕಾರ್ಯಕ್ರಮ ಎಷ್ಟು ಉಳಿಸಿತು ಎಂದು ಕೇಳುವ ಮೊದಲು, ಅದು ಯಾರಿಗೆ ಯಾವ ಕೆಲಸ ಮಾಡಿಕೊಟ್ಟಿತು ಎಂದು ಕೇಳಬೇಕು. ಆ ಕೆಲಸ ನಡೆದಿದ್ದರೆ ಮಾತ್ರ ಉಳಿದದ್ದಕ್ಕೆ ಉಳಿತಾಯ ಎಂಬ ಹೆಸರು ಸಲ್ಲುತ್ತದೆ. ಇದನ್ನು ನಾನು ಕಾಲೇಜಿನಲ್ಲಿ ಕಲಿಯಲಿಲ್ಲ, ಠಾಣಾ ಕುಶನೂರಿನಲ್ಲಿ ಕಲಿತೆ.